ಸಹಿ ಮಗನದು, ಎದೆ ಅಪ್ಪನದು



ಹಿಂದಿನ ಲೇಖನದಲ್ಲಿ ಆಂಜಿಯೋಗ್ರಾಂ ಬಗ್ಗೆ ಬರೆದಿದ್ದೆ. ಅದು ಗುಂಪಿನಿಂದ ಗುಂಪಿಗೆ ಹೋಗಿ ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ ಕನ್ನಡಿಗರಿಂದ ಬಹಳ ಪ್ರಶ್ನೆಗಳು ಬಂದವು. ಅವುಗಳಲ್ಲಿ ಅರ್ಧದಷ್ಟು ಹೃದಯದ ಬಗ್ಗೆ ಇರಲೇ ಇಲ್ಲ. ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಧಾಟಿ: "ಬರೀ ಪರೀಕ್ಷೆ ಅಂತ ಅಪ್ಪನನ್ನು ಒಳಗೆ ಕರೆದುಕೊಂಡು ಹೋದರು. ಇಪ್ಪತ್ತು ನಿಮಿಷಕ್ಕೆ ಡಾಕ್ಟರು ಹೊರಗೆ ಬಂದು, 90 ಪರ್ಸೆಂಟ್ ಬ್ಲಾಕ್ ಇದೆ, ಈಗಲೇ ಸ್ಟೆಂಟ್ ಹಾಕಬೇಕು, ಇಲ್ಲಿ ಸಹಿ ಮಾಡಿ ಅಂದರು. ಮಾಡಿದೆ. ಇದು ನಿರ್ಲಕ್ಷ್ಯ ಆಗುತ್ತಾ ಡಾಕ್ಟರೇ? ಕೇಸ್ ಹಾಕಬಹುದಾ?"

ನಾನು ವಕೀಲನಲ್ಲ. ಆದರೆ ಈ ಕಾನೂನಿನ ಕೆಳಗೆ ದಿನವೂ ಕೆಲಸ ಮಾಡುವವನು. ಹಾಗಾಗಿ ನನಗೆ ತಿಳಿದಷ್ಟು ಹೇಳುತ್ತೇನೆ. ನನ್ನ ಸಹೋದ್ಯೋಗಿಗಳಿಗೆ ಕೆಲವು ಮಾತು ರುಚಿಸದೇ ಹೋಗಬಹುದು. ನಿಮಗೂ ಕೆಲವು ರುಚಿಸಲಿಕ್ಕಿಲ್ಲ.

ಮೊದಲು ಒಂದು ತಪ್ಪು ಕಲ್ಪನೆ. "ಪೇಶೆಂಟ್ ಉಳಿಯಲಿಲ್ಲ, ಅಂದರೆ ಡಾಕ್ಟರದ್ದು ನಿರ್ಲಕ್ಷ್ಯ" ಎಂದು ನಮ್ಮ ಜನ ತಟ್ಟನೆ ಹೇಳಿಬಿಡುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಅದು ಮೂರು ಪ್ರಶ್ನೆ ಕೇಳುತ್ತದೆ. ಈ ಡಾಕ್ಟರಿಗೆ ಈ ರೋಗಿಯ ಬಗ್ಗೆ ಎಚ್ಚರ ವಹಿಸುವ ಕರ್ತವ್ಯ ಇತ್ತೇ? ಆ ಕರ್ತವ್ಯದಲ್ಲಿ ಅವರು ಚ್ಯುತಿ ಮಾಡಿದರೇ? ಆ ಚ್ಯುತಿಯಿಂದಲೇ ಹಾನಿ ಆಯಿತೇ? ಮೂರಕ್ಕೂ "ಹೌದು" ಎಂದು ಬಂದರೆ ಮಾತ್ರ ನಿರ್ಲಕ್ಷ್ಯ.

ಈ ಕರ್ತವ್ಯದ ಮಾತು ದೊಡ್ಡದಾಗಿ ಬೆಳೆದದ್ದು, ನಂಬಿದರೆ ನಂಬಿ, ಒಂದು ಬಸವನಹುಳುವಿನಿಂದ. 1928ರಲ್ಲಿ ಸ್ಕಾಟ್ಲೆಂಡಿನ ಪೇಯ್ಸ್ಲಿ ಎಂಬ ಊರಿನ ಹೋಟೆಲಿನಲ್ಲಿ ಒಬ್ಬ ಮಹಿಳೆ ಜಿಂಜರ್ ಬಿಯರ್ ಕುಡಿದಳು. ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತು ಎಂಬುದು ಅವಳ ದೂರು. ದುಡ್ಡು ಕೊಟ್ಟವಳು ಗೆಳತಿ, ಹಾಗಾಗಿ ಇವಳಿಗೂ ಕಂಪನಿಗೂ ಯಾವ ಕರಾರೂ ಇಲ್ಲ. ಆದರೂ 1932ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ ಇವಳ ಪರ ನಿಂತಿತು. ನಿನ್ನ ಕೆಲಸದಿಂದ ಯಾರಿಗೆ ತೊಂದರೆ ಆಗಬಹುದು ಎಂದು ಮೊದಲೇ ಊಹಿಸಲು ಸಾಧ್ಯವೋ ಅವರೆಲ್ಲ ನಿನ್ನ ನೆರೆಯವರು, ಅವರ ವಿಷಯದಲ್ಲಿ ಎಚ್ಚರ ನಿನ್ನ ಹೊಣೆ ಎಂಬುದು ಅದರ ತಿರುಳು. ಆ ಬಾಟಲಿಯಲ್ಲಿ ಹುಳು ನಿಜವಾಗಿ ಇತ್ತೋ ಇಲ್ಲವೋ, ಅದು ಕೊನೆಗೂ ಸಾಬೀತಾಗಲಿಲ್ಲ!

ಡಾಕ್ಟರಿಗೂ ರೋಗಿಗೂ ಆ ನೆರೆತನ ಹುಟ್ಟುವುದು ನಾಡಿ ಹಿಡಿದ ಕ್ಷಣದಲ್ಲೇ. ನಮ್ಮ ದೇಶದಲ್ಲಿ ಇದನ್ನು ಬಿಡಿಸಿ ಹೇಳಿದ ಒಂದು ಹಳೆಯ ತೀರ್ಪು ಇದೆ, ಪುಣೆಯಲ್ಲಿರುವವರು ತಿಳಿದಿರಬೇಕಾದದ್ದು. 1953ರ ಮೇ ತಿಂಗಳು. ರತ್ನಾಗಿರಿ ಜಿಲ್ಲೆಯ ಪಾಲಶೇತ್ ಎಂಬಲ್ಲಿ ಕಡಲ ದಂಡೆಯ ಮೇಲೆ 20 ವರ್ಷದ ಹುಡುಗನ ತೊಡೆಮೂಳೆ ಮುರಿಯಿತು. ಅವನ ತಂದೆ ಸ್ವತಃ ವೈದ್ಯರು. ಪಟ್ಟಿ ಕಟ್ಟಿ, ಸುಮಾರು 200 ಮೈಲಿ ಟ್ಯಾಕ್ಸಿಯಲ್ಲಿ ಮಗನನ್ನು ಪುಣೆಗೆ ತಂದು ಹೆಸರಾಂತ ಸರ್ಜನ್ ಒಬ್ಬರ ಕೈಗೆ ಒಪ್ಪಿಸಿದರು. ಅದೇ ರಾತ್ರಿ ಹುಡುಗ ತೀರಿಕೊಂಡ. ಸರಿಯಾಗಿ ಅರಿವಳಿಕೆ ಕೊಡದೆ, ಸಹಾಯಕರನ್ನು ಹಿಡಿದು ಆ ಕಾಲನ್ನು ಬಲವಂತವಾಗಿ ಎಳೆದರು, ಆ ಆಘಾತದಿಂದಲೇ ಸಾವು ಬಂತು ಎಂದು ನ್ಯಾಯಾಲಯ ಕಂಡುಕೊಂಡಿತು. ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದದ್ದು 1968ರಲ್ಲಿ. ಪರಿಹಾರ 3,000 ರೂಪಾಯಿ. ಹದಿನೈದು ವರ್ಷ ಕೋರ್ಟಿಗೆ ಅಲೆದ ಆ ತಂದೆಗೆ ದುಡ್ಡು ಮುಖ್ಯವಾಗಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಆ ತೀರ್ಪು ವೈದ್ಯನ ಕರ್ತವ್ಯವನ್ನು ಮೂರಾಗಿ ಹೇಳಿತು: ಈ ಕೇಸನ್ನು ತೆಗೆದುಕೊಳ್ಳಬೇಕೇ ಎಂದು ನಿರ್ಧರಿಸುವಾಗ ಎಚ್ಚರ, ಯಾವ ಚಿಕಿತ್ಸೆ ಎಂದು ನಿರ್ಧರಿಸುವಾಗ ಎಚ್ಚರ, ಆ ಚಿಕಿತ್ಸೆ ಕೊಡುವಾಗ ಎಚ್ಚರ. ಜಗತ್ತಿನ ಅತಿ ದೊಡ್ಡ ತಜ್ಞನ ಮಟ್ಟವನ್ನು ಯಾರೂ ಕೇಳುವುದಿಲ್ಲ. ಆ ವಿಷಯ ಕಲಿತ ಒಬ್ಬ ಸಾಮಾನ್ಯ, ಜವಾಬ್ದಾರಿಯುಳ್ಳ ಡಾಕ್ಟರು ಆ ಪರಿಸ್ಥಿತಿಯಲ್ಲಿ ಏನು ಮಾಡುತ್ತಿದ್ದರೋ ಅಷ್ಟು ಸಾಕು.

ನನ್ನ ಕ್ಷೇತ್ರದಿಂದಲೇ ಒಂದು ಅಳತೆಗೋಲು ಕೊಡುತ್ತೇನೆ. ಎದೆನೋವು ಎಂದು ತುರ್ತು ವಿಭಾಗಕ್ಕೆ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುವುದು ಎಲ್ಲೆಡೆ ಒಪ್ಪಿದ ನಿಯಮ. ಎದೆ ಭಾರ, ಎಡಗೈ ಸೆಳೆತ, ಬೆವರು ಎಂದು ಬಂದ 55ರ ಸಕ್ಕರೆ ಕಾಯಿಲೆಯವರಿಗೆ ಇಸಿಜಿಯನ್ನೇ ಮಾಡದೆ ಗ್ಯಾಸಿನ ಮಾತ್ರೆ ಕೊಟ್ಟು ಮನೆಗೆ ಕಳಿಸಿದರೆ, ನಾನು ಆ ಡಾಕ್ಟರ ಪರವಾಗಿ ಒಂದು ಮಾತೂ ಆಡಲಾರೆ. ಆದರೆ ಇಸಿಜಿ ಮಾಡಿದರು, ನಾರ್ಮಲ್ ಬಂತು, ಕೆಲವು ಗಂಟೆ ಬಿಟ್ಟು ಮತ್ತೆ ಮಾಡಿದರು, ರಕ್ತದಲ್ಲಿ ಟ್ರೋಪೋನಿನ್ ನೋಡಿದರು, ಎಲ್ಲ ಸರಿಯಿತ್ತು, ಮನೆಗೆ ಕಳಿಸಿದರು, ಮೂರನೇ ದಿನ ಹಾರ್ಟ್ ಅಟ್ಯಾಕ್ ಆಯಿತು ಎಂದಿಟ್ಟುಕೊಳ್ಳಿ. ಸಂಕಟವಾಗುತ್ತದೆ, ನಿಜ. ಆದರೆ ಅದು ನಿರ್ಲಕ್ಷ್ಯವಲ್ಲ. ಹಾಗೆಯೇ, ಆಂಜಿಯೋಗ್ರಾಂನಲ್ಲಿ ದೊಡ್ಡ ತೊಡಕು ಆಗುವುದು 100ರಲ್ಲಿ ಒಬ್ಬರಿಗಿಂತ ಕಡಿಮೆ. ಕಡಿಮೆ ಅಷ್ಟೇ, ಸೊನ್ನೆಯಲ್ಲ. ಆ ಒಬ್ಬರು ನಮ್ಮ ಮನೆಯವರೇ ಆದಾಗ, ತೊಡಕು ಬಂತು ಎಂಬುದಷ್ಟೇ ಡಾಕ್ಟರ ತಪ್ಪಿಗೆ ಸಾಕ್ಷಿಯಾಗುವುದಿಲ್ಲ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಜೈಲಿಗೆ ಕಳಿಸುವ ಕ್ರಿಮಿನಲ್ ಕೇಸಿಗೆ ಅತಿ ಗಂಭೀರವಾದ ನಿರ್ಲಕ್ಷ್ಯವೇ ಬೇಕು, ಅದಕ್ಕೂ ಮೊದಲು ಬೇರೊಬ್ಬ ವೈದ್ಯರ ಸ್ವತಂತ್ರ ಅಭಿಪ್ರಾಯ ಬೇಕು ಎಂದಿತು. ಐಸಿಯು ಗಾಜು ಒಡೆಯುವುದು, ಡ್ಯೂಟಿ ಡಾಕ್ಟರ ಕೊರಳಪಟ್ಟಿ ಹಿಡಿಯುವುದು, ಇವು ಯಾವ ತೀರ್ಪಿನಲ್ಲೂ ಇಲ್ಲ.

ಇಷ್ಟು ನಮ್ಮವರ ಪರವಾಗಿ. ಇನ್ನು ಆ ಸ್ಟೆಂಟಿನ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ನನ್ನ ಮಾತು ಬೇರೆ.

ದೆಹಲಿಯಲ್ಲಿ 1995ರಲ್ಲಿ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಪರೀಕ್ಷೆಗೆಂದು ಲ್ಯಾಪರೋಸ್ಕೋಪಿಗೆ ಒಪ್ಪಿ ಸಹಿ ಹಾಕಿದರು. ಅವರು ಅರಿವಳಿಕೆಯಲ್ಲಿ ಇರುವಾಗಲೇ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದುಬಿಟ್ಟರು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಪ್ರತಿ ಕ್ಯಾಥ್ ಲ್ಯಾಬಿನ ಬಾಗಿಲಿಗೆ ಅಂಟಿಸಬೇಕು. ಡಾಕ್ಟರು ಒಳ್ಳೆಯ ಉದ್ದೇಶದಿಂದಲೇ ಮಾಡಿದರು ಎಂದು ಕೋರ್ಟ್ ಒಪ್ಪಿತು. ಆದರೂ ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಒಪ್ಪಿಗೆ ಅಲ್ಲ ಎಂದಿತು. ವಯಸ್ಕ ರೋಗಿ ಸ್ವಲ್ಪ ಹೊತ್ತಿಗೆ ಎಚ್ಚರ ತಪ್ಪಿದ್ದಾರೆ ಎಂದ ಮಾತ್ರಕ್ಕೆ ತಾಯಿ ಒಪ್ಪಿದರೆ ನಡೆಯುವುದಿಲ್ಲ. ಅವರಿಗೆ ಎಚ್ಚರ ಆಗುವವರೆಗೆ ಕಾಯಬೇಕಿತ್ತು. "ಮತ್ತೊಮ್ಮೆ ಆಪರೇಷನ್ ತಪ್ಪಿತು, ಖರ್ಚು ಉಳಿಯಿತು, ರೋಗಿಗೆ ಒಳ್ಳೆಯದೇ ಆಯಿತು" ಎಂಬ ಸಮಜಾಯಿಷಿಗಳನ್ನೂ ಕೋರ್ಟ್ ಒಪ್ಪಲಿಲ್ಲ. ಜೀವ ಉಳಿಸಲು ತಕ್ಷಣ ಮಾಡಲೇಬೇಕಾದದ್ದಕ್ಕೆ ಮಾತ್ರ ವಿನಾಯಿತಿ. ಆ ಡಾಕ್ಟರು ಫೀಸು ಬಿಟ್ಟುಕೊಟ್ಟು 25,000 ರೂಪಾಯಿ ಪರಿಹಾರ ಕೊಡಬೇಕಾಯಿತು.

ಈಗ ನಮ್ಮ ಕ್ಯಾಥ್ ಲ್ಯಾಬ್ ನೋಡಿ. ಆಂಜಿಯೋಗ್ರಾಂನಲ್ಲಿ ಮೈಯೆಲ್ಲ ಅರಿವಳಿಕೆ ಕೊಡುವುದಿಲ್ಲ. ಮಣಿಕಟ್ಟಿಗೆ ಅಥವಾ ತೊಡೆಸಂದಿಗೆ ಒಂದು ಸಣ್ಣ ಇಂಜೆಕ್ಷನ್, ಅಷ್ಟೇ. ನಿಮ್ಮ ಅಪ್ಪ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾರೆ. ಪರದೆಯ ಮೇಲೆ ತಮ್ಮ ರಕ್ತನಾಳವನ್ನು ತಾವೇ ನೋಡುತ್ತಿರುತ್ತಾರೆ. "ಉಸಿರು ಹಿಡಿಯಿರಿ", "ಕೆಮ್ಮಿ" ಎಂದರೆ ಹಾಗೇ ಮಾಡುತ್ತಾರೆ. ಇಷ್ಟು ಎಚ್ಚರವಾಗಿರುವ ಮನುಷ್ಯನನ್ನು ಅಲ್ಲೇ ಬಿಟ್ಟು, ನಾವು ಬಾಗಿಲು ತೆರೆದು ಹೊರಗೆ ಬಂದು ಮಗನನ್ನು ಕೇಳುತ್ತೇವೆ. ಆ ದೆಹಲಿಯ ಮಹಿಳೆ ಎಚ್ಚರವಿರಲಿಲ್ಲ ಎಂಬ ನೆಪವಾದರೂ ಇತ್ತು. ನಮಗೆ ಅದೂ ಇಲ್ಲ.

ಯಾಕೆ ಹೀಗೆ? ದುಡ್ಡು ಕಟ್ಟುವವನು ಮಗ, ಜಗಳಕ್ಕೆ ಬರುವವನೂ ಮಗ. ಇದು ಒಂದು ಕಾರಣ. ಇನ್ನೊಂದು ಕಾರಣ ವಲಸೆ ಬಂದ ಮನೆಗಳಲ್ಲೇ ಹೆಚ್ಚು. ಅಪ್ಪ ಕಲಬುರಗಿಯಿಂದಲೋ ಕುಂದಾಪುರದಿಂದಲೋ ಎದೆನೋವಿಗೆಂದೇ ಮಗನ ಊರಿಗೆ ಬಂದಿರುತ್ತಾರೆ. ಅವರಿಗೆ ಕನ್ನಡ ಬಿಟ್ಟು ಬೇರೆ ಬಾರದು. ಡಾಕ್ಟರಿಗೆ ಮರಾಠಿ, ಹಿಂದಿ, ತಮಿಳು ಬರುತ್ತದೆ, ಕನ್ನಡ ಬಾರದು. ಹಾಗಾಗಿ ಅಪ್ಪನ ಜೊತೆ ಮಾತೇ ಆಗುವುದಿಲ್ಲ. ಅಪ್ಪನ ಎದೆಯ ಮಾತೆಲ್ಲ ಮಗನ ಬಾಯಿಂದಲೇ ಬರಬೇಕು.

ಆ ಬಾಯಲ್ಲಿ ಎಷ್ಟು ಸೋರಿಹೋಗುತ್ತದೆ ಗೊತ್ತೇ? ನಮ್ಮ ತಾಯಂದಿರು "ಎದೆ ನೋವು" ಎಂದು ಹೇಳುವುದು ಕಡಿಮೆ. "ಜೀವ ಕಸಿವಿಸಿ ಆಗುತ್ತೆ", "ಸಂಕಟ", "ಎದೀ ಹಿಡದಂಗ ಆಗ್ತದ", "ಮೆಟ್ಟಿಲು ಹತ್ತಿದರೆ ಸುಸ್ತು" ಎನ್ನುತ್ತಾರೆ. ಇವೆಲ್ಲ ಹೃದಯದ ಮಾತು ಆಗಿರಬಹುದು, ಅದರಲ್ಲೂ ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ. ಪಕ್ಕದಲ್ಲಿ ಕುಳಿತ ಮಗ ಇದನ್ನೆಲ್ಲ ಒಂದೇ ಪದಕ್ಕೆ ಇಳಿಸುತ್ತಾನೆ: "ಗ್ಯಾಸ್ ಹೈ ಸಾಬ್." ಡಾಕ್ಟರು ಗ್ಯಾಸ್ ಎಂದು ಬರೆದುಕೊಳ್ಳುತ್ತಾರೆ. ತಾಯಿ ಹೇಳಿದ್ದು ಫೈಲಿನಲ್ಲಿ ಎಲ್ಲೂ ಉಳಿಯುವುದಿಲ್ಲ. ಇಲ್ಲಿ ಕರ್ತವ್ಯಚ್ಯುತಿ ಯಾರದ್ದು? ನನ್ನನ್ನು ಕೇಳಿದರೆ ಮೊದಲು ಡಾಕ್ಟರದ್ದೇ. ರೋಗಿಯ ಮಾತು ಸಿಗದಿದ್ದರೆ ಸಿಗುವಂತೆ ಮಾಡಿಕೊಳ್ಳುವುದು ಕೇಳುವವನ ಹೊಣೆ. ಮುಂಬೈ, ಪುಣೆಯ ದೊಡ್ಡ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ನರ್ಸೋ, ವಾರ್ಡ್ ಬಾಯೋ, ಟೆಕ್ನಿಷಿಯನ್ನೋ ಒಬ್ಬರಾದರೂ ಇದ್ದೇ ಇರುತ್ತಾರೆ. ಕರೆಯಬೇಕು ಅಷ್ಟೇ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೂ, ರೋಗಿಗೆ ತಿಳಿಯುವ ಭಾಷೆಯಲ್ಲಿ ವಿಷಯ ಹೇಳಬೇಕು ಎಂದಿದೆ. ಅದು ನಮ್ಮ ಎಷ್ಟು ಆಸ್ಪತ್ರೆಗಳಲ್ಲಿ ಗೋಡೆಯ ಫ್ರೇಮಿನಿಂದ ಕೆಳಗಿಳಿದಿದೆ ಎಂಬುದು ಬೇರೆ ಪ್ರಶ್ನೆ.

ಓದಲು ಬಾರದ ಭಾಷೆಯ ಫಾರಂ ಮೇಲೆ ಹಾಕಿದ ಸಹಿಯನ್ನು ನಾನು ಒಪ್ಪಿಗೆ ಎನ್ನುವುದಿಲ್ಲ. 2008ರ ತೀರ್ಪಿನ ಪ್ರಕಾರ ಒಪ್ಪಿಗೆ ನಿಜವಾದದ್ದಾಗಬೇಕಾದರೆ ರೋಗಿಗೆ ಗೊತ್ತಿರಬೇಕಾದದ್ದು ಇಷ್ಟು: ಏನು ಮಾಡುತ್ತಾರೆ, ಯಾಕೆ, ಬೇರೆ ದಾರಿ ಇದೆಯೇ, ಮುಖ್ಯ ಅಪಾಯ ಏನು, ಬೇಡ ಎಂದರೆ ಏನಾಗುತ್ತದೆ. ಇದರಲ್ಲಿ "ಬೇರೆ ದಾರಿ ಇದೆಯೇ" ಎಂಬುದನ್ನು ನಮ್ಮ ವೃತ್ತಿಯಲ್ಲಿ ಬಹಳ ಬೇಗ ದಾಟಿಬಿಡುತ್ತಾರೆ.

ಸ್ಟೆಂಟ್ ವಿಷಯದಲ್ಲಿ ಆ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಎರಡು ಸಂದರ್ಭಗಳನ್ನು ಬೇರೆ ಬೇರೆಯಾಗಿ ನೋಡಿ. ಒಂದು, ಹಾರ್ಟ್ ಅಟ್ಯಾಕ್ ಆಗುತ್ತಿದೆ, ರಕ್ತನಾಳ ಪೂರ್ತಿ ಮುಚ್ಚಿದೆ. ಆಗ ಒಂದೊಂದು ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತದೆ. ಆಸ್ಪತ್ರೆಯ ಬಾಗಿಲು ದಾಟಿದ 90 ನಿಮಿಷದೊಳಗೆ ನಾಳ ತೆರೆಯಬೇಕು ಎನ್ನುವುದು ಗುರಿ. ದಯವಿಟ್ಟು ಆಗ ಊರಿನ ಚಿಕ್ಕಪ್ಪನಿಗೆ, ದುಬೈಯ ಭಾವನಿಗೆ ಫೋನ್ ಮಾಡುತ್ತಾ ಕೂರಬೇಡಿ. ದುಡ್ಡು ಕಟ್ಟಿಲ್ಲ ಎಂದು ತುರ್ತು ಚಿಕಿತ್ಸೆ ನಿಲ್ಲಿಸುವ ಹಕ್ಕು ಆಸ್ಪತ್ರೆಗೂ ಇಲ್ಲ. ಜೀವ ಉಳಿಸುವ ಕರ್ತವ್ಯ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿ ವೈದ್ಯನ ಮೇಲಿದೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಇನ್ನೊಂದು, ಆರು ತಿಂಗಳಿಂದ ನಡೆದರೆ ಎದೆ ಹಿಡಿಯುತ್ತದೆ, ನಿಂತರೆ ಹೋಗುತ್ತದೆ, ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ. ಇದು ಸ್ಥಿರವಾದ ತೊಂದರೆ. ಇಂಥವರಲ್ಲಿ ಒಳ್ಳೆಯ ಮಾತ್ರೆ, ಪಥ್ಯ, ನಡಿಗೆಗಳ ಜೊತೆ ಸ್ಟೆಂಟ್ ಅಥವಾ ಬೈಪಾಸ್ ಸೇರಿಸಿದರೆ ಸಾವು ಕಡಿಮೆಯಾಗುತ್ತದೆಯೇ ಎಂದು ದೊಡ್ಡ ಅಧ್ಯಯನಗಳೇ ನಡೆದಿವೆ. 2007ರ ಕರೇಜ್, ಐದು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ 2020ರ ಇಸ್ಕೀಮಿಯಾ, ಎರಡರಲ್ಲೂ ಸಾವು ಕಡಿಮೆಯಾದದ್ದು ಕಾಣಲಿಲ್ಲ. ಎದೆನೋವು ಕಡಿಮೆಯಾಗುತ್ತದೆ, ಅದೂ ಸಣ್ಣ ಲಾಭವಲ್ಲ. ಎಡಭಾಗದ ಮುಖ್ಯ ನಾಳದಲ್ಲೇ ಬ್ಲಾಕ್ ಇದ್ದರೆ, ಹೃದಯದ ಪಂಪಿಂಗ್ ತೀರಾ ಕುಗ್ಗಿದ್ದರೆ ಲೆಕ್ಕ ಬೇರೆ. ಆದರೆ ಉಳಿದ ಹೆಚ್ಚಿನವರಿಗೆ ಅದೇ ಮೇಜಿನ ಮೇಲೆ, ಅದೇ ಹತ್ತು ನಿಮಿಷದಲ್ಲಿ ತೀರ್ಮಾನ ಮಾಡಬೇಕಾದ ತುರ್ತು ಇಲ್ಲ. ಮನೆಗೆ ಹೋಗಿ, ಊಟ ಮಾಡಿ, ಇನ್ನೊಬ್ಬರಿಗೆ ಸಿಡಿ ತೋರಿಸಿ, ಮುಂದಿನ ವಾರ ಹೇಳಬಹುದು. "ಟೈಮ್ ಬಾಂಬ್ ಇಟ್ಟುಕೊಂಡು ಮನೆಗೆ ಹೋಗ್ತೀರಾ" ಎಂದು ಸ್ಥಿರವಾಗಿರುವ ರೋಗಿಯ ಮಗನನ್ನು ಹೆದರಿಸುವುದು ವಿವರಣೆಯಲ್ಲ. ಆ ಮಾತು ಕೇಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಹಾಗಾದರೆ ಆ ಮಗನ ಪ್ರಶ್ನೆಗೆ ನನ್ನ ಉತ್ತರ ಇದು. ಹಾರ್ಟ್ ಅಟ್ಯಾಕ್ ಇದ್ದರೆ ಡಾಕ್ಟರು ಮಾಡಿದ್ದು ಸರಿ. ಸ್ಥಿರವಾಗಿದ್ದು, ಸ್ಟೆಂಟ್ ಸಾಧ್ಯತೆಯನ್ನು ಹಿಂದಿನ ದಿನವೇ ಅಪ್ಪನಿಗೆ ಅವರ ಭಾಷೆಯಲ್ಲಿ ಹೇಳಿ, ಎರಡಕ್ಕೂ ಒಟ್ಟಿಗೆ ಒಪ್ಪಿಗೆ ಪಡೆದಿದ್ದರೆ ಅದೂ ಸರಿ, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಅದ್ಯಾವುದೂ ಇಲ್ಲದೆ ಬಾಗಿಲಲ್ಲಿ ನಿಮ್ಮ ಸಹಿ ಮಾತ್ರ ತೆಗೆದುಕೊಂಡಿದ್ದರೆ ಅದು ನಿಮ್ಮ ಅಪ್ಪನ ಒಪ್ಪಿಗೆ ಅಲ್ಲ. ಸ್ಟೆಂಟ್ ಎಷ್ಟೇ ಚೆನ್ನಾಗಿ ಕೂತಿದ್ದರೂ ಅಲ್ಲ.

ಈಗ ನಿಮಗೆ ರುಚಿಸದ ಮಾತು. ಈ ಪದ್ಧತಿ ಇಷ್ಟು ಗಟ್ಟಿಯಾಗಿ ಬೇರೂರಲು ನಾವು ಮಕ್ಕಳೂ ಕಾರಣ. "ಅಪ್ಪನಿಗೆ ಏನೂ ಹೇಳಬೇಡಿ ಡಾಕ್ಟರೇ, ಹೆದರಿಕೊಳ್ತಾರೆ, ಏನಿದ್ದರೂ ನನಗೆ ಹೇಳಿ" ಎಂದು ಕಣ್ಣು ಮಿಟುಕಿಸಿ ಹೇಳದ ಮಗನನ್ನು ನಾನು ನೋಡಿದ್ದು ಕಡಿಮೆ. ಪ್ರೀತಿಯಿಂದಲೇ ಹೇಳುತ್ತಾರೆ, ಅನುಮಾನವಿಲ್ಲ. ಆದರೆ ಎರಡು ಎಕರೆ ಹೊಲ, ನಾಲ್ಕು ಮದುವೆ, ಮೂರು ಬರಗಾಲ ನಿಭಾಯಿಸಿದ ಮನುಷ್ಯನಿಗೆ ಒಂದು ರಕ್ತನಾಳದ ಸುದ್ದಿ ತಡೆದುಕೊಳ್ಳುವ ಶಕ್ತಿ ಇಲ್ಲ ಎಂದು ನಿರ್ಧರಿಸುವವರು ನಾವ್ಯಾರು? ಅವರಿಗೆ ಬುದ್ಧಿ ಸ್ಥಿಮಿತದಲ್ಲಿ ಇರುವವರೆಗೆ ತೀರ್ಮಾನ ಅವರದ್ದು. ಸ್ಟೆಂಟ್ ಆದ ಮೇಲೆ ರಕ್ತ ತೆಳುವಾಗಿಸುವ ಎರಡು ಮಾತ್ರೆಗಳನ್ನು ತಿಂಗಳುಗಟ್ಟಲೆ ಬಿಡದೆ ನುಂಗಬೇಕಾದವರೂ ಅವರೇ. ಏನಾಗಿದೆ ಎಂದೇ ಗೊತ್ತಿಲ್ಲದವರು ಊರಿಗೆ ಹೋಗಿ "ಈಗ ಆರಾಮ ಅದೀನಿ" ಎಂದು ಮಾತ್ರೆ ನಿಲ್ಲಿಸುತ್ತಾರೆ, ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದು ಯಾರ ನಿರ್ಲಕ್ಷ್ಯ ಎಂದು ಯಾವ ಕೋರ್ಟೂ ವಿಚಾರಣೆ ಮಾಡುವುದಿಲ್ಲ.

ಇನ್ನೊಂದು ವದಂತಿ: "ಹೈ ರಿಸ್ಕ್ ಫಾರಂಗೆ ಸಹಿ ಹಾಕಿದ್ದೀವಿ, ಇನ್ನು ಏನೂ ಕೇಳುವ ಹಾಗಿಲ್ಲ." ಸುಳ್ಳು. ಆ ಸಹಿ ಅಪಾಯಕ್ಕೆ ಒಪ್ಪಿಗೆ, ಅಜಾಗರೂಕತೆಗೆ ಅಲ್ಲ. ಹೊಟ್ಟೆಯಲ್ಲಿ ಬಟ್ಟೆ ಬಿಟ್ಟು ಹೊಲಿದವರನ್ನು ಯಾವ ಫಾರಮ್ಮೂ ಕಾಪಾಡುವುದಿಲ್ಲ.

ಅನುಮಾನ ಬಂದರೆ ಮೊದಲ ಕೆಲಸ ವಕೀಲರಲ್ಲ, ಫೈಲು. 2002ರ ವೈದ್ಯಕೀಯ ಮಂಡಳಿಯ ನಡತೆ ನಿಯಮಗಳ ಪ್ರಕಾರ, ರೋಗಿ ಅಥವಾ ಅವರು ಒಪ್ಪಿಗೆ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ದಾಖಲೆಗಳನ್ನು ಕೊಡಬೇಕು. ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಲೇಬೇಕು. ಬಾಯಲ್ಲಿ ಕೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಡಿಸ್ಚಾರ್ಜ್ ಕಾರ್ಡ್ ಮಾತ್ರ ಸಾಲದು. ಕೇಸ್ ಶೀಟು, ನರ್ಸಿಂಗ್ ಚಾರ್ಟು, ಒಪ್ಪಿಗೆ ಫಾರಂಗಳು, ಆಂಜಿಯೋಗ್ರಾಂ ಸಿಡಿ, ಸ್ಟೆಂಟ್ ಪೆಟ್ಟಿಗೆಯ ಮೇಲಿನ ಸ್ಟಿಕ್ಕರು, ಎಲ್ಲವೂ ಬೇಕು. ನಂತರ ಅದನ್ನು ಸಂಬಂಧವಿಲ್ಲದ ಇನ್ನೊಬ್ಬ ಹೃದ್ರೋಗ ತಜ್ಞರಿಗೆ ತೋರಿಸಿ. ಹೆಚ್ಚಿನ ಸಲ ಅಲ್ಲೇ ಸಮಾಧಾನ ಸಿಗುತ್ತದೆ, ಯಾಕೆಂದರೆ ನಿಜವಾಗಿ ತಪ್ಪು ನಡೆದಿರುವುದಿಲ್ಲ, ಯಾರೂ ಕೂತು ಹೇಳಿರುವುದಿಲ್ಲ ಅಷ್ಟೇ.

ಸಮಾಧಾನ ಸಿಗದಿದ್ದರೆ ಗ್ರಾಹಕ ಆಯೋಗ ಇದೆ. ದುಡ್ಡು ತೆಗೆದುಕೊಂಡು ಕೊಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು 1995ರಲ್ಲೇ ತೀರ್ಮಾನವಾಗಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆ ಆ ಕಾಯ್ದೆಗೆ ಬರುವುದಿಲ್ಲ, ಅದಕ್ಕೆ ಸಿವಿಲ್ ಕೋರ್ಟಿನ ದಾರಿ. ದೂರು ಕೊಡಲು 2 ವರ್ಷದ ಗಡುವು ಇದೆ, ಮರೆಯಬೇಡಿ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ.

ಊರು ಬಿಟ್ಟು ಬಂದವರಿಗೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ಅನುಕೂಲವೂ 2019ರ ಕಾಯ್ದೆಯಲ್ಲಿದೆ. ದೂರುದಾರರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ನಿಮಗೆ ರಜೆಗೆ ಹೋದಾಗ ಹುಬ್ಬಳ್ಳಿಯಲ್ಲಿ ಚಿಕಿತ್ಸೆಯಾಗಿ, ನೀವು ಚೆನ್ನೈಯಲ್ಲಿ ಇದ್ದರೆ ಪ್ರತಿ ವಿಚಾರಣೆಗೂ ರೈಲು ಹತ್ತಬೇಕಾಗಿಲ್ಲ. ಆನ್‌ಲೈನಿನಲ್ಲೂ ಸಲ್ಲಿಸಬಹುದು.

ಆಂಜಿಯೋಗ್ರಾಂಗೆ ದಿನಾಂಕ ಗೊತ್ತಾಗಿರುವವರು ಹಿಂದಿನ ದಿನವೇ, ಅಪ್ಪ ಅಥವಾ ಅಮ್ಮ ಎದುರಿಗಿರುವಾಗ, ಡಾಕ್ಟರನ್ನು ಇಷ್ಟು ಕೇಳಿ: ಬ್ಲಾಕ್ ಕಂಡರೆ ಅಲ್ಲೇ ಸ್ಟೆಂಟ್ ಹಾಕುತ್ತೀರಾ, ಅಥವಾ ಹೊರಗೆ ಬಂದು ಮಾತಾಡುತ್ತೀರಾ? ಉತ್ತರವನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿ, ಅವರು ಏನೆನ್ನುತ್ತಾರೋ ಅದನ್ನೇ ಡಾಕ್ಟರಿಗೆ ಹೇಳಿ, ನಿಮ್ಮದನ್ನು ಸೇರಿಸದೆ. ಮತ್ತು ಆ ಒಪ್ಪಿಗೆ ಫಾರಮ್ಮಿನಲ್ಲಿ ರೋಗಿಯ ಸಹಿ ಎಂದಿರುವ ಜಾಗವನ್ನು ಅವರಿಗೇ ಬಿಡಿ. ಕನ್ನಡದಲ್ಲಿ ಸಹಿ ಮಾಡಿದರೂ ನಡೆಯುತ್ತದೆ.